ಕಟ್ಟುವ ಸಾಧನವನ್ನು ಕಾಯುವವರು ಯಾರು?

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬಹಿರಂಗಪಡಿಸಿದ ಸಂಗತಿಯೊಂದು ಗಣಕ ಲೋಕವನ್ನು ತಲ್ಲಣಗೊಳಿಸಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳ ಗಾತ್ರವನ್ನು ಕುಗ್ಗಿಸಲು ಬಳಸುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಸಣ್ಣ ಮುಕ್ತ ತಂತ್ರಾಂಶದ ಎರಡು ಹೊಸ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲೊಂದನ್ನು ಕೂರಿಸಿದ್ದರು. ಅದರ ಕೀಲಿ ಉಳ್ಳವನು ದೂರದ ಸರ್ವರುಗಳೊಳಗೆ ಅನುಮತಿಯಿಲ್ಲದೆ ನುಗ್ಗಿ ತನಗೆ ಬೇಕಾದ ಆಜ್ಞೆಗಳನ್ನು ಕೊಡಬಹುದಿತ್ತು. ದೋಷಗಳ ತೀವ್ರತೆಯನ್ನು ಅಳೆಯುವ ಮಾಪಕದಲ್ಲಿ ಇದಕ್ಕೆ ದೊರೆತ ಅಂಕ ಹತ್ತಕ್ಕೆ ಹತ್ತು. ಫ್ರಾಯಿಂಡ್ ಭದ್ರತಾ ಪರಿಣತರೇನೂ ಅಲ್ಲ; ದತ್ತಾಂಶ ನಿರ್ವಹಣೆಯ ತಂತ್ರಾಂಶವೊಂದರ ಅಭಿವೃದ್ಧಿಯಲ್ಲಿ ತೊಡಗಿದ್ದವರು. ಲಾಗಿನ್ ಆಗುವುದಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಅದರ ಜಾಡು ಹಿಡಿದು ಹೊರಟಾಗ ಸಂಚು ಬಯಲಾಯಿತು. ದೂಷಿತ ಆವೃತ್ತಿಗಳು ಆ ಹೊತ್ತಿಗೆ ಬಹುಮಟ್ಟಿಗೆ ಪರೀಕ್ಷಾ ಹಂತದ ಬಿಡುಗಡೆಗಳನ್ನಷ್ಟೇ ಸೇರಿದ್ದವು. ಕೆಲವು ತಿಂಗಳು ತಡವಾಗಿದ್ದರೆ ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಅವು ತಲಪುತ್ತಿದ್ದವು.

ಈ ಪ್ರಕರಣವನ್ನು ಸೈಬರ್ ಅಪರಾಧದ ಮತ್ತೊಂದು ರೋಚಕ ಕಥೆಯೆಂದು ಓದಿ ಮರೆತವರೇ ಹೆಚ್ಚು. ಆದರೆ ಅದರಲ್ಲಿ ಅಡಗಿರುವ ಒಂದು ವಿವರ ಇನ್ನೂ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ಎಲ್ಲರೂ ಓದಬಹುದಾದ ಕಾರ್ಯಕ್ರಮದ ಮೂಲಸಂಕೇತದಲ್ಲಿ ಕಳ್ಳಬಾಗಿಲು ಗೋಚರಿಸುತ್ತಿರಲಿಲ್ಲ. ಅದರ ತುಣುಕುಗಳು ಪರೀಕ್ಷೆಗೆಂದು ಇಟ್ಟಿದ್ದ, ಮೇಲ್ನೋಟಕ್ಕೆ ನಿರುಪಯುಕ್ತವೆನ್ನಿಸುವ ಎರಡು ಕಡತಗಳಲ್ಲಿ ಅಡಗಿದ್ದವು. ಅವನ್ನು ಹೊರತೆಗೆದು ಜೋಡಿಸುವ ಸೂಚನೆ ಇದ್ದದ್ದು, ಮೂಲಸಂಕೇತದಿಂದ ತಂತ್ರಾಂಶವನ್ನು ಕಟ್ಟುವ ‘ಬಿಲ್ಡ್’ ಪ್ರಕ್ರಿಯೆಯ ಒಂದು ಲಿಪಿಯಲ್ಲಿ. ಆ ಲಿಪಿಯಾದರೂ ಎಲ್ಲರ ಕಣ್ಣಿಗೆ ಬೀಳುವ ಮೂಲ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗಾಗಿ ಸಿದ್ಧಪಡಿಸಿದ ಕಟ್ಟಿನಲ್ಲಿ ಮಾತ್ರ ಇತ್ತು. ಅಂದರೆ ಕಳ್ಳನು ಮನೆಯೊಳಗೆ ನುಗ್ಗಲಿಲ್ಲ. ಮನೆ ಕಟ್ಟುವ ಮೇಸ್ತ್ರಿಯ ಕರಣೆಯೊಳಗೇ ಅವಿತು ಕುಳಿತಿದ್ದನು.

ನಮ್ಮ ಬ್ಯಾಂಕು, ಆಸ್ಪತ್ರೆ, ಪಹಣಿ, ಪಿಂಚಣಿಗಳೆಲ್ಲವೂ ತಂತ್ರಾಂಶವನ್ನು ಅವಲಂಬಿಸಿರುವ ಈ ಕಾಲದಲ್ಲಿ, ತಂತ್ರಾಂಶವನ್ನು ಕಟ್ಟುವ ಸಾಧನಗಳ ಬಗ್ಗೆ ಸಾರ್ವಜನಿಕ ಚರ್ಚೆ ಇಲ್ಲವೇ ಇಲ್ಲ ಎನ್ನಬಹುದು. ಇದು ಎಂಜಿನಿಯರುಗಳಿಗೆ ಬಿಟ್ಟ ವಿಷಯ ಎಂಬ ಭಾವನೆಯೇ ಅದಕ್ಕೆ ಕಾರಣ. ಮೂಲತಃ ಇದು ಸಾರ್ವಜನಿಕ ಸ್ವತ್ತಿನ ನಿರ್ವಹಣೆಯ ಪ್ರಶ್ನೆ. ಆದಕಾರಣ ಅರ್ಥಶಾಸ್ತ್ರದ ಮತ್ತು ಆಡಳಿತದ ಪ್ರಶ್ನೆಯೂ ಹೌದು.

ಒಂದು ವ್ಯರ್ಥ ಮುಂಜಾನೆಯ ಫಲ

ಮನುಷ್ಯರು ಬರೆಯುವ ಮೂಲಸಂಕೇತವನ್ನು ಯಂತ್ರ ನೇರವಾಗಿ ಅರ್ಥಮಾಡಿಕೊಳ್ಳಲಾರದು. ಕಂಪೈಲರ್ ಎಂಬ ಅನುವಾದಕ ಅದನ್ನು ಯಂತ್ರಭಾಷೆಗೆ ತಿರುಗಿಸಬೇಕು. ಹೀಗೆ ತಿರುಗಿಸಿದ ನೂರಾರು ತುಣುಕುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಒಂದು ತುಣುಕು ಬದಲಾದರೆ ಅದನ್ನು ಅವಲಂಬಿಸಿದ ಎಲ್ಲವನ್ನೂ ಮತ್ತೆ ತಯಾರಿಸಬೇಕು; ಅವಲಂಬಿಸದವುಗಳನ್ನು ಮುಟ್ಟಬೇಕಾಗಿಲ್ಲ. ಮದುವೆಮನೆಯ ಅಡುಗೆ ಭಟ್ಟರಿಗೆ ಈ ತತ್ವ ಚೆನ್ನಾಗಿ ಗೊತ್ತು. ತೆಂಗಿನಕಾಯಿ ಕೆಟ್ಟಿತ್ತೆಂದು ತಿಳಿದರೆ ಕೋಸಂಬರಿ, ಗೊಜ್ಜುಗಳನ್ನು ಮತ್ತೆ ಮಾಡಬೇಕು. ಕಾಯಿ ಹಾಕದ ಸಾರನ್ನು ಚೆಲ್ಲಬೇಕಾಗಿಲ್ಲ. ಯಾವುದು ಯಾವುದಕ್ಕೆ ಬಿದ್ದಿದೆ ಎಂಬ ಲೆಕ್ಕ ಭಟ್ಟರ ತಲೆಯಲ್ಲಿರುತ್ತದೆ. ಆದರೆ ಅಡುಗೆ ಸಾವಿರ ಬಗೆಯದಾದಾಗ, ಭಟ್ಟರು ನೂರು ಜನವಾದಾಗ, ಲೆಕ್ಕವನ್ನು ಬರೆದಿಡದೆ ಗತಿಯಿಲ್ಲ.

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಸಾಧನವನ್ನು ರೂಪಿಸಿದ್ದು ಈ ಲೆಕ್ಕವನ್ನು ಬರೆದಿಡುವುದಕ್ಕಾಗಿಯೇ. ಅದರ ಹಿನ್ನೆಲೆಯೂ ಸ್ವಾರಸ್ಯಕರ. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ತಮ್ಮ ಕಾರ್ಯಕ್ರಮದಲ್ಲಿ ತಪ್ಪು ಹುಡುಕುತ್ತ ಒಂದಿಡೀ ಮುಂಜಾನೆಯನ್ನು ಕಳೆದಿದ್ದರು. ತಪ್ಪನ್ನು ಅದಾಗಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೇ. ಅಂದರೆ ಇಲ್ಲದ ತಪ್ಪಿಗಾಗಿ ಹುಡುಕಾಟ ನಡೆದಿತ್ತು. ಫೆಲ್ಡ್‌ಮನ್ ಅವರ ಪರಿಹಾರ ಸರಳವಾಗಿತ್ತು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬುದನ್ನು ‘ಮೇಕ್‌ಫೈಲ್’ ಎಂಬ ಪಟ್ಟಿಯಲ್ಲಿ ಬರೆದಿಡಬೇಕು. ಕಡತಗಳು ಕೊನೆಯದಾಗಿ ಬದಲಾದ ವೇಳೆಯನ್ನು ಸಾಧನ ಹೋಲಿಸಿ ನೋಡಿ, ಹಳತಾದದ್ದನ್ನು ಮಾತ್ರ ಮತ್ತೆ ಕಟ್ಟಬೇಕು. ಈ ಕೊಡುಗೆಗಾಗಿ 2003ರಲ್ಲಿ ಅವರಿಗೆ ಗಣಕ ವಿಜ್ಞಾನಿಗಳ ಸಂಘವಾದ ಎಸಿಎಂನ ಪ್ರಶಸ್ತಿ ಸಂದಿತು. ಮುಂದೆ ರಿಚರ್ಡ್ ಸ್ಟಾಲ್‌ಮನ್ ಮತ್ತು ರೋಲಂಡ್ ಮೆಕ್‌ಗ್ರಾತ್ ಸಿದ್ಧಪಡಿಸಿದ ‘ಗ್ನೂ ಮೇಕ್’ ಈ ಕಲ್ಪನೆಯನ್ನು ಮುಕ್ತ ತಂತ್ರಾಂಶವಾಗಿ ಜಗತ್ತಿಗೆ ಒದಗಿಸಿತು.

ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲುಗಳು ‘ಟ್ಯಾಬ್’ ಕೀಲಿಯಿಂದಲೇ ಆರಂಭವಾಗಬೇಕೆಂಬ ನಿಯಮವೊಂದಿದೆ. ಅದರ ಬದಲು ಎಂಟು ಖಾಲಿ ಜಾಗಗಳನ್ನು ಬಿಟ್ಟರೆ ಕಣ್ಣಿಗೆ ಎರಡೂ ಒಂದೇ. ಆದರೆ ಸಾಧನ ಕೆಲಸ ನಿಲ್ಲಿಸುತ್ತದೆ. ತಲೆಮಾರುಗಳ ಕಲಿಯುವವರನ್ನು ಕಾಡಿದ ಈ ನಿಯಮವನ್ನು ಆರಂಭದಲ್ಲೇ ಬದಲಿಸಬಹುದಿತ್ತು. ಆದರೆ ಆ ಹೊತ್ತಿಗೆ ಸುಮಾರು ಹನ್ನೆರಡು ಮಂದಿ ಬಳಕೆದಾರರಿದ್ದರು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಫೆಲ್ಡ್‌ಮನ್ ಸುಮ್ಮನಾದರು. ಹನ್ನೆರಡು ಮಂದಿಯ ಅನುಕೂಲಕ್ಕಾಗಿ ಉಳಿದ ನಿಯಮ ಲಕ್ಷಾಂತರ ಮಂದಿಯ ತಲೆನೋವಾಯಿತು. ಗ್ನೂ ಮೇಕ್‌ನಲ್ಲಿ ಟ್ಯಾಬ್ ಬದಲು ಬೇರೊಂದು ಚಿಹ್ನೆಯನ್ನು ಆರಿಸಿಕೊಳ್ಳುವ ಅವಕಾಶ ದೊರೆತದ್ದು 2010ರಲ್ಲಿ. ಬೆರಳಚ್ಚು ಯಂತ್ರದ ‘ಕ್ವರ್ಟಿ’ ಕೀಲಿಮಣೆ ಹೇಗೆ ಬೇರುಬಿಟ್ಟಿತು ಎಂಬುದನ್ನು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ವಿವರಿಸಿದ್ದರು. ಆರಂಭದ ಆಕಸ್ಮಿಕ ಆಯ್ಕೆಗಳು ಮುಂದೆ ಬಿಡಿಸಲಾಗದ ಗಂಟುಗಳಾಗುತ್ತವೆ ಎಂಬುದಕ್ಕೆ ಇದು ಮತ್ತೊಂದು ನಿದರ್ಶನ. ಆಡಳಿತದಲ್ಲಿ ಹಳೆಯ ನಮೂನೆಗಳು ಏಕೆ ಸಾಯುವುದಿಲ್ಲ ಎಂದು ಕೇಳುವವರಿಗೂ ಉತ್ತರ ಇದೇ.

ದೋಷ ಹುಡುಕುವ ಕಷ್ಟ

ಕಟ್ಟುವ ಸಾಧನದ ದೋಷಗಳು ಸಾಮಾನ್ಯ ತಂತ್ರಾಂಶದ ದೋಷಗಳಿಗಿಂತ ಭಿನ್ನ. ಕಾರ್ಯಕ್ರಮ ತಪ್ಪು ಉತ್ತರ ಕೊಟ್ಟರೆ ತಪ್ಪು ಕಾರ್ಯಕ್ರಮದಲ್ಲಿದೆ ಎಂದು ಭಾವಿಸುತ್ತೇವೆ. ಕಟ್ಟುವಾಗಲೇ ಹಳೆಯ ತುಣುಕು ಸೇರಿಹೋಗಿದ್ದರೆ, ಮೂಲಸಂಕೇತವನ್ನು ಎಷ್ಟು ಸಲ ಓದಿದರೂ ತಪ್ಪು ಸಿಕ್ಕುವುದಿಲ್ಲ. ಉದಾಹರಣೆಗೆ, ಮೇಕ್ ನಂಬುವುದು ಕಡತದ ವೇಳೆಯನ್ನು. ಜಾಲದ ಮೂಲಕ ಕಡತಗಳನ್ನು ಹಂಚಿಕೊಂಡ ಎರಡು ಗಣಕಗಳ ಗಡಿಯಾರಗಳು ಹೊಂದಿಕೆಯಾಗದಿದ್ದರೆ ಹೊಸದು ಹಳೆಯದಾಗಿಯೂ ಹಳೆಯದು ಹೊಸದಾಗಿಯೂ ಕಾಣಿಸುತ್ತದೆ. ಆಗ ಗ್ನೂ ಮೇಕ್ ಗಡಿಯಾರ ತಪ್ಪಿದೆ, ಕಟ್ಟಡ ಅಪೂರ್ಣವಾಗಿರಬಹುದು ಎಂಬರ್ಥದ ಎಚ್ಚರಿಕೆ ಕೊಡುತ್ತದೆ. ನೂರಾರು ಸಾಲುಗಳ ನಡುವೆ ಹಾದುಹೋಗುವ ಆ ಒಂದು ಸಾಲನ್ನು ಯಾರು ಓದುತ್ತಾರೆ?

ಇನ್ನೊಂದು ಬಗೆಯ ದೋಷ ಹೆಚ್ಚು ಕಪಟಿ. ಒಂದು ಕಡತ ಮತ್ತೊಂದನ್ನು ಅವಲಂಬಿಸಿದೆ ಎಂಬುದನ್ನು ಪಟ್ಟಿಯಲ್ಲಿ ಬರೆಯಲು ಮರೆತರೂ, ಕೆಲಸಗಳು ಒಂದರ ನಂತರ ಒಂದರಂತೆ ನಡೆಯುವಾಗ ಅದೃಷ್ಟವಶಾತ್ ಎಲ್ಲವೂ ಸರಿಹೋಗುತ್ತದೆ. ವೇಗಕ್ಕಾಗಿ ಹಲವು ಕೆಲಸಗಳನ್ನು ಏಕಕಾಲದಲ್ಲಿ ಮಾಡಲು ಆಜ್ಞೆ ಕೊಟ್ಟ ದಿನ, ಕೆಲವೊಮ್ಮೆ ಕಟ್ಟಡ ನಿಲ್ಲುತ್ತದೆ, ಕೆಲವೊಮ್ಮೆ ಕುಸಿಯುತ್ತದೆ. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ಇದೆಯಲ್ಲ’ ಎಂಬ, ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ನಿತ್ಯ ಕೇಳಿಬರುವ ಮಾತಿನ ಹಿಂದೆ ಅನೇಕ ವೇಳೆ ಇರುವುದು ಇದೇ. ಇಂಥ ದೋಷವನ್ನು ಹಿಡಿಯಲು ಜಾಣ್ಮೆಗಿಂತ ತಾಳ್ಮೆ ಬೇಕು. ಏನನ್ನೂ ಮಾಡದೆ ಏನು ಮಾಡಲಿದ್ದೇನೆಂದು ಮಾತ್ರ ಹೇಳುವಂತೆ ಸಾಧನವನ್ನು ಕೇಳುವುದು, ಪ್ರತಿ ನಿರ್ಧಾರಕ್ಕೂ ಕಾರಣ ಬರೆಸುವುದು, ಎಲ್ಲವನ್ನೂ ಅಳಿಸಿ ಬರಿಯ ಯಂತ್ರದಲ್ಲಿ ಮೊದಲಿನಿಂದ ಕಟ್ಟಿ ನೋಡುವುದು. ಕಂದಾಯ ತಪಾಸಣೆ ಮಾಡಿದವರಿಗೆ ಈ ಕ್ರಮ ಅಪರಿಚಿತವಲ್ಲ.

1998ರ ಹೊತ್ತಿಗೆ ಪೀಟರ್ ಮಿಲ್ಲರ್ ಎಂಬ ಆಸ್ಟ್ರೇಲಿಯದ ತಂತ್ರಜ್ಞರು ಒಂದು ಪ್ರಬಂಧದಲ್ಲಿ ಮತ್ತೊಂದು ಮೂಲಭೂತ ದೋಷವನ್ನು ಎತ್ತಿ ತೋರಿಸಿದರು. ದೊಡ್ಡ ಯೋಜನೆಗಳನ್ನು ಹಲವು ಉಪವಿಭಾಗಗಳಾಗಿ ಒಡೆದು ಪ್ರತಿಯೊಂದಕ್ಕೂ ಪ್ರತ್ಯೇಕ ಮೇಕ್‌ಫೈಲ್ ಇಡುವುದು ರೂಢಿಯಾಗಿತ್ತು. ಇದರಿಂದ ಯಾವ ವಿಭಾಗಕ್ಕೂ ಅವಲಂಬನೆಗಳ ಪೂರ್ಣ ಚಿತ್ರ ದೊರೆಯುವುದಿಲ್ಲ. ಪರಿಣಾಮವಾಗಿ ಸಾಧನ ಕೆಲವೊಮ್ಮೆ ಅಗತ್ಯಕ್ಕಿಂತ ಕಡಿಮೆ, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಅವರ ವಾದ. ತಪ್ಪು ಸಾಧನದ್ದಲ್ಲ, ಅದಕ್ಕೆ ಕೊಟ್ಟ ಅರೆಬರೆ ಮಾಹಿತಿಯದ್ದು. ರಸ್ತೆಗೆ ಡಾಂಬರು ಹಾಕಿದ ಮಾರನೆಯ ವಾರ ಕೊಳವೆಗಾಗಿ ಅಗೆಯುವ ನಮ್ಮ ನಗರಗಳ ನಿವಾಸಿಗಳಿಗೆ ಈ ವಾದವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕೊರತೆಗಳನ್ನು ತುಂಬಲು ಒಂದರ ಹಿಂದೊಂದು ಹೊಸ ಸಾಧನಗಳು ಬಂದವು. ಜಾವಾ ಭಾಷೆಗೆ 2000ದಲ್ಲಿ ಆಂಟ್, ಕೆಲವೇ ವರ್ಷಗಳಲ್ಲಿ ಮೇವನ್. ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಒಂದೇ ಯೋಜನೆಯನ್ನು ಕಟ್ಟಲು ಸಿಮೇಕ್. ಗೂಗಲ್ ತನ್ನ ಆಂತರಿಕ ಬಳಕೆಯದನ್ನು 2015ರಲ್ಲಿ ಮುಕ್ತವಾಗಿಸಿದ ಬೇಜೆಲ್. ಇವುಗಳಲ್ಲಿ ಸಿಮೇಕ್‌ನ ಜನನ ಗಮನಾರ್ಹವಾದುದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನಿಂದ ನಡೆದ, ವೈದ್ಯಕೀಯ ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶ ಯೋಜನೆಯೊಂದರ ಅಗತ್ಯಕ್ಕಾಗಿ ಅದು ಸಿದ್ಧವಾಯಿತು. ಸಾರ್ವಜನಿಕ ಹಣದಿಂದ ಹುಟ್ಟಿದ ಸಾಧನವೊಂದು ಮುಂದೆ ವಾಣಿಜ್ಯ ಲೋಕಕ್ಕೂ ಆಧಾರವಾಯಿತೆಂಬುದನ್ನು, ಸರ್ಕಾರಕ್ಕೂ ನಾವೀನ್ಯಕ್ಕೂ ಸಂಬಂಧವಿಲ್ಲವೆನ್ನುವವರು ನೆನಪಿಡಬೇಕು.

ನಂಬಿಕೆಯ ಬುಡ

ಕಟ್ಟುವ ಸಾಧನವೇ ವಂಚಿಸಿದರೆ ಏನು ಗತಿ ಎಂಬ ಪ್ರಶ್ನೆ ಹೊಸದಲ್ಲ. ಯೂನಿಕ್ಸ್‌ನ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನೇ ಎತ್ತಿದ್ದರು. ಲಾಗಿನ್ ಕಾರ್ಯಕ್ರಮವನ್ನು ಅನುವಾದಿಸುವಾಗಲೆಲ್ಲ ಕಳ್ಳಬಾಗಿಲನ್ನು ಸೇರಿಸುವ, ತನ್ನನ್ನೇ ತಾನು ಅನುವಾದಿಸುವಾಗ ಆ ದುರ್ಗುಣವನ್ನು ಮುಂದಿನ ಪೀಳಿಗೆಗೆ ದಾಟಿಸುವ ಕಂಪೈಲರನ್ನು ರಚಿಸಲು ಸಾಧ್ಯ. ಆಗ ಮೂಲಸಂಕೇತದಲ್ಲಿ ಎಲ್ಲಿ ಹುಡುಕಿದರೂ ಕುರುಹು ಸಿಗದು ಎಂದು ಅವರು ತೋರಿಸಿದರು.

2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣ ಈ ಭೀತಿಯನ್ನು ನಿಜವಾಗಿಸಿತು. ದಾಳಿಕೋರರು ಆ ಕಂಪನಿಯ ಬಿಲ್ಡ್ ಸರ್ವರಿನಲ್ಲಿ ಹೊಂಚು ಹಾಕಿ, ತಂತ್ರಾಂಶವನ್ನು ಕಟ್ಟುವ ಕ್ಷಣದಲ್ಲಿ ಮಾತ್ರ ಒಂದು ಕಡತವನ್ನು ಬದಲಿಸಿ, ಮರುಕ್ಷಣ ಮೂಲ ಕಡತವನ್ನು ಸ್ವಸ್ಥಾನದಲ್ಲಿಡುತ್ತಿದ್ದರು. ಹೊರಬಂದ ಉತ್ಪನ್ನಕ್ಕೆ ಕಂಪನಿಯ ಅಧಿಕೃತ ಸಹಿಯೂ ಬೀಳುತ್ತಿತ್ತು. ಸುಮಾರು 18,000 ಗ್ರಾಹಕರಿಗೆ ಆ ಆವೃತ್ತಿ ತಲಪಿತೆಂದು ಕಂಪನಿ ಅಂದಾಜಿಸಿತು. ಅಮೆರಿಕದ ಸರ್ಕಾರಿ ಇಲಾಖೆಗಳೂ ಅವರಲ್ಲಿದ್ದವು. ಎಕ್ಸ್‌ಝಡ್ ಪ್ರಕರಣವನ್ನು ಮುಂದಿಟ್ಟುಕೊಂಡು ಮುಕ್ತ ತಂತ್ರಾಂಶವೇ ಅಪಾಯಕಾರಿ ಎನ್ನುವವರಿಗೆ ಇದು ಉತ್ತರ. ಸೋಲಾರ್‌ವಿಂಡ್ಸ್ ತಂತ್ರಾಂಶ ಮುಕ್ತವಾದುದಲ್ಲ. ಅಲ್ಲಿ ಹೊರಗಿನವರು ಜಾಡು ಹಿಡಿಯಲು ಮೂಲಸಂಕೇತವೇ ಲಭ್ಯವಿರಲಿಲ್ಲ, ಸಂಚು ತಿಂಗಳುಗಟ್ಟಲೆ ಅಡಗಿತ್ತು. ಎಕ್ಸ್‌ಝಡ್‌ನಲ್ಲಿ ಮೊದಲ ದೂಷಿತ ಆವೃತ್ತಿ ಹೊರಬಂದದ್ದು 2024ರ ಫೆಬ್ರುವರಿ ಕೊನೆಯ ವಾರದಲ್ಲಿ. ಬಯಲಾದದ್ದು ಸುಮಾರು ಐದು ವಾರಗಳಲ್ಲಿ.

ಹಾಗೆಂದು ಮುಕ್ತತೆಯೊಂದೇ ಸಾಲದು. ಅನೇಕ ಕಣ್ಣುಗಳಿದ್ದರೆ ಯಾವ ದೋಷವೂ ಅಡಗಿರಲಾರದು ಎಂಬ ಎರಿಕ್ ರೇಮಂಡ್ ಅವರ ಪ್ರಸಿದ್ಧ ವಾದ ಕಣ್ಣುಗಳು ನಿಜಕ್ಕೂ ಅತ್ತ ನೋಡುತ್ತಿವೆ ಎಂಬ ಊಹೆಯ ಮೇಲೆ ನಿಂತಿದೆ. ಬಿಲ್ಡ್ ಲಿಪಿಗಳನ್ನು ಯಾರೂ ಸಂತೋಷಕ್ಕಾಗಿ ಓದುವುದಿಲ್ಲ. ಎಕ್ಸ್‌ಝಡ್‌ನ ಸಂಚುಗಾರ ಇದನ್ನು ಚೆನ್ನಾಗಿ ಅರಿತಿದ್ದ. ಅದೇ ಯೋಜನೆಯ ಸಿಮೇಕ್ ಕಡತದಲ್ಲಿ ಆತ ಮಾಡಿದ ಮತ್ತೊಂದು ಕೃತ್ಯ ಒಂದೇ ಒಂದು ಚುಕ್ಕಿ. ಲಿನಕ್ಸ್‌ನ ರಕ್ಷಣಾ ಸೌಲಭ್ಯವೊಂದು ಈ ಯಂತ್ರದಲ್ಲಿದೆಯೇ ಎಂದು ತಿಳಿಯಲು ಸಾಧನ ಒಂದು ಚಿಕ್ಕ ಕಾರ್ಯಕ್ರಮವನ್ನು ಕಂಪೈಲ್ ಮಾಡಿ ನೋಡುತ್ತದೆ. ಅದರ ನಡುವೆ ಪೂರ್ಣವಿರಾಮದ ಚುಕ್ಕಿಯೊಂದನ್ನು ಸೇರಿಸಿದ್ದರಿಂದ ಆ ಪರೀಕ್ಷೆ ಸದಾ ವಿಫಲವಾಗಿ, ಸೌಲಭ್ಯ ಇಲ್ಲವೆಂದೇ ತೀರ್ಮಾನವಾಗುತ್ತಿತ್ತು. ದೋಷಸೂಚನೆಯೂ ಇಲ್ಲ, ಗದ್ದಲವೂ ಇಲ್ಲ. ರಕ್ಷಣೆ ತಾನಾಗಿ ಕಳಚಿಕೊಳ್ಳುತ್ತಿತ್ತು. ಬೇಡದ ಜಾಗದಲ್ಲಿ ಬಿದ್ದ ಒಂದು ಚುಕ್ಕಿ ಪಹಣಿಯಲ್ಲಿ ಎಕರೆಗಳನ್ನು ಗುಂಟೆಯಾಗಿಸಬಲ್ಲದೆಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಇದಕ್ಕೆ ತಾಂತ್ರಿಕ ಉತ್ತರವೊಂದು ರೂಪುಗೊಳ್ಳುತ್ತ ಬಂದಿದೆ. ಡೆಬಿಯನ್ ಯೋಜನೆಯ ಸ್ವಯಂಸೇವಕರು 2013ರಿಂದ ಶ್ರಮಿಸುತ್ತಿರುವ ‘ರಿಪ್ರೊಡ್ಯೂಸಿಬಲ್ ಬಿಲ್ಡ್ಸ್’, ಅಂದರೆ ಪುನರಾವರ್ತನೀಯ ಬಿಲ್ಡ್‌ಗಳ ಆಂದೋಲನ ಅದು. ಒಂದೇ ಮೂಲಸಂಕೇತವನ್ನು ಬೇರೆ ಬೇರೆ ಜನ, ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ದಿನ ಕಟ್ಟಿದರೂ ಫಲ ಕೊನೆಯ ಬಿಟ್‌ವರೆಗೂ ಒಂದೇ ಆಗಿರಬೇಕೆಂಬುದು ಗುರಿ. ಕೇಳಲು ಸುಲಭ, ಆಚರಣೆಯಲ್ಲಿ ಬಲು ಕಷ್ಟ. ಕಟ್ಟಿದ ದಿನಾಂಕ, ಕಡತವಿದ್ದ ಕೋಶದ ಹೆಸರು, ಕಡತಗಳನ್ನು ಓದಿದ ಅನುಕ್ರಮ ಇವೆಲ್ಲ ಸದ್ದಿಲ್ಲದೆ ಉತ್ಪನ್ನದೊಳಗೆ ಸೇರಿಕೊಳ್ಳುತ್ತವೆ. ಅವನ್ನು ಒಂದೊಂದಾಗಿ ಹುಡುಕಿ ತೆಗೆಯಲು, ಎರಡು ಉತ್ಪನ್ನಗಳ ಅಂತರವನ್ನು ಪದರಪದರವಾಗಿ ಬಿಡಿಸಿ ತೋರಿಸುವ ಸಾಧನವನ್ನೇ ಅವರು ನಿರ್ಮಿಸಬೇಕಾಯಿತು. ಇದರ ಲಾಭ ಲೆಕ್ಕಪರಿಶೋಧನೆಯ ಲಾಭದಂತೆಯೇ. ಪರಸ್ಪರ ಪರಿಚಯವಿಲ್ಲದ ಇಬ್ಬರು ಒಂದೇ ಲೆಕ್ಕವನ್ನು ಕೂಡಿ ಒಂದೇ ಮೊತ್ತಕ್ಕೆ ಬಂದರೆ, ನಡುವೆ ಕೈಚಳಕ ನಡೆದಿರುವ ಸಂಭವ ಕಡಿಮೆ. ಆದರೆ ಇಬ್ಬರಿಗೂ ಕೊಟ್ಟ ಚೀಟಿಗಳೇ ಸುಳ್ಳಾಗಿದ್ದರೆ ಈ ಕ್ರಮವೂ ನೆರವಾಗದು. ದೂಷಿತ ಬಿಡುಗಡೆಯ ಕಟ್ಟಿನಿಂದ ಎಷ್ಟು ಸಲ ಕಟ್ಟಿದರೂ ದೂಷಿತ ಫಲವೇ ಬರುತ್ತದೆ. ಆದ್ದರಿಂದ ಬಿಡುಗಡೆಯ ಕಟ್ಟು ಮತ್ತು ಬಹಿರಂಗ ಭಂಡಾರ ಎರಡನ್ನೂ ತಾಳೆ ನೋಡುವ ಕೆಲಸವೂ ಜತೆಗೆ ನಡೆಯಬೇಕು.

ಬತ್ತುವುದು ಯಾವುದು?

ಇಷ್ಟೆಲ್ಲವನ್ನೂ ಮಾಡುವವರು ಯಾರು? ಇಲ್ಲಿಗೆ ನಾವು ಅರ್ಥಶಾಸ್ತ್ರದ ಅಂಗಳಕ್ಕೆ ಬರುತ್ತೇವೆ. ಎಕ್ಸ್‌ಝಡ್ ಯೋಜನೆಯನ್ನು ಬಹುಕಾಲ ನಿರ್ವಹಿಸುತ್ತಿದ್ದವರು ಒಬ್ಬರೇ ವ್ಯಕ್ತಿ, ಅದೂ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ. 2022ರಲ್ಲಿ ಕೆಲವು ಅಪರಿಚಿತರು ಕೆಲಸ ನಿಧಾನವಾಗಿದೆಯೆಂದು ಅವರನ್ನು ಸಾರ್ವಜನಿಕವಾಗಿ ಮೂದಲಿಸಿ, ಜವಾಬ್ದಾರಿಯನ್ನು ಬೇರೆಯವರಿಗೆ ಒಪ್ಪಿಸುವಂತೆ ಒತ್ತಾಯಿಸಿದರು. ಅದೇ ಕಾಲಕ್ಕೆ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬಾತ ವಿನಯದಿಂದ, ತಾಳ್ಮೆಯಿಂದ ಉಪಯುಕ್ತ ತಿದ್ದುಪಡಿಗಳನ್ನು ಕಳಿಸುತ್ತ ಬಂದು, ಕ್ರಮೇಣ ಸಹ ನಿರ್ವಾಹಕನಾಗಿ, ಬಿಡುಗಡೆಯ ಅಧಿಕಾರವನ್ನೂ ಪಡೆದ. ಎರಡು ವರ್ಷಕ್ಕೂ ಮಿಕ್ಕಿದ ಈ ಸೇವೆಯೇ ಸಂಚಿನ ಬಂಡವಾಳವಾಗಿತ್ತು. ದಾಳಿ ನಡೆದದ್ದು ಯಂತ್ರದ ದೌರ್ಬಲ್ಯದ ಮೇಲಲ್ಲ, ದಣಿದ ಮನುಷ್ಯನೊಬ್ಬನ ಒಂಟಿತನದ ಮೇಲೆ.

ಮುಕ್ತ ತಂತ್ರಾಂಶ ಒಂದು ಸಾರ್ವಜನಿಕ ಸರಕು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದು, ಬಳಸದಂತೆ ಯಾರನ್ನೂ ತಡೆಯಲಾಗದು. ಆದಕಾರಣ ಎಲ್ಲರೂ ಬಳಸುತ್ತಾರೆ, ವೆಚ್ಚವನ್ನು ಬೇರೆ ಯಾರಾದರೂ ಭರಿಸಲಿ ಎಂದು ಕಾಯುತ್ತಾರೆ. ಪಠ್ಯಪುಸ್ತಕಗಳಲ್ಲಿ ಇದು ಬಿಟ್ಟಿ ಸವಾರಿಯ ಸಮಸ್ಯೆ. 2014ರಲ್ಲಿ ಅಂತರ್ಜಾಲದ ಸುರಕ್ಷಿತ ವ್ಯವಹಾರಕ್ಕೆ ಆಧಾರವಾದ ‘ಓಪನ್ ಎಸ್‌ಎಸ್‌ಎಲ್’ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಪತ್ತೆಯಾದಾಗ, ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರವೆಂದು ತಿಳಿದು ಜಗತ್ತು ನಾಚಿತು. ಹತ್ತು ವರ್ಷಗಳ ನಂತರ ಎಕ್ಸ್‌ಝಡ್‌ನಲ್ಲಿ ಅದೇ ಪಾಠವನ್ನು ಮತ್ತೆ ಓದಬೇಕಾಯಿತು.

ಆದರೆ ಸೂಕ್ಷ್ಮವಾದ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗೋಮಾಳದ ಹುಲ್ಲು ಮೇಯ್ದಷ್ಟೂ ಕಡಿಮೆಯಾಗುತ್ತದೆ, ತಂತ್ರಾಂಶ ಹಾಗಲ್ಲ. ಇಲ್ಲಿ ಬತ್ತಿಹೋಗುವುದು ಸರಕಲ್ಲ, ಅದನ್ನು ಕಾಯುವವರ ಗಮನ. ಪ್ರತಿ ಹೊಸ ಬಳಕೆದಾರ ತಂತ್ರಾಂಶವನ್ನು ಕಡಿಮೆ ಮಾಡುವುದಿಲ್ಲ. ಆದರೆ ಆತ ಕಳಿಸುವ ಪ್ರತಿ ದೂರು ನಿರ್ವಾಹಕನ ಒಂದು ಸಂಜೆಯನ್ನು ನುಂಗುತ್ತದೆ. ನಮ್ಮ ಕೆರೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿದೆ. ಆದರೆ ಕೆರೆ ಶತಮಾನಗಳ ಕಾಲ ಉಳಿದದ್ದು ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿಯಿಂದ, ವರ್ಷವರ್ಷವೂ ಹೂಳೆತ್ತುತ್ತಿದ್ದ ಊರಿನಿಂದ. ನೀರುಗಂಟಿಗೆ ಸಲ್ಲುತ್ತಿದ್ದ ಧಾನ್ಯದ ಪಾಲು ನಿಂತ ಮೇಲೆ ತೂಬೂ ಕೆಟ್ಟಿತು, ಹೂಳೂ ತುಂಬಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ನೀರಾವರಿ ವ್ಯವಸ್ಥೆಗಳನ್ನೂ ಒಳಗೊಂಡಂತೆ ಸಾಮುದಾಯಿಕ ಸ್ವತ್ತುಗಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದೂ ಇದೇ. ಉಪಯೋಗ ಪಡೆಯುವವರು ನಿರ್ವಹಣೆಯಲ್ಲಿ ಪಾಲು ಹೊರುವ, ಮೇಲ್ವಿಚಾರಣೆ ತಮ್ಮವರಿಂದಲೇ ನಡೆಯುವ ಕಡೆಗಳಲ್ಲಿ ಸಮುದಾಯದ ಸ್ವತ್ತು ಸರ್ಕಾರವಿಲ್ಲದೆಯೂ, ಮಾರುಕಟ್ಟೆಯಿಲ್ಲದೆಯೂ ಬದುಕುತ್ತದೆ.

ನಾವೇನು ಮಾಡಬೇಕು?

ಜರ್ಮನಿ 2022ರಲ್ಲಿ ‘ಸಾವರಿನ್ ಟೆಕ್ ಫಂಡ್’ ಸ್ಥಾಪಿಸಿ, ಮುಕ್ತ ತಂತ್ರಾಂಶದ ಮೂಲಾಧಾರಗಳ ನಿರ್ವಹಣೆಗೆ ಸರ್ಕಾರದ ಹಣ ಒದಗಿಸತೊಡಗಿತು. ನಮ್ಮಲ್ಲಿ ಬೆಂಗಳೂರಿನ ಝೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು ಘೋಷಿಸಿದ್ದು ಸ್ವಾಗತಾರ್ಹ. ಮುಕ್ತ ತಂತ್ರಾಂಶವನ್ನು ಬಳಸಿ ಬೆಳೆದ ನಗರದ ಇತರ ಸಂಸ್ಥೆಗಳೂ ಈ ಮೇಲ್ಪಂಕ್ತಿಯನ್ನು ಅನುಸರಿಸಬೇಕು. ಇದು ದಾನವಲ್ಲ, ಹೂಳೆತ್ತುವ ಪಾಲು.

ಸರ್ಕಾರದ ಪಾಲೇನು? ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿದ ನೀತಿ, ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದೂ, ಅದನ್ನು ಬಿಟ್ಟರೆ ಕಾರಣ ಕೊಡಬೇಕೆಂದೂ ಹೇಳಿತು. 2024ರಲ್ಲಿ ಸರ್ಟ್-ಇನ್ ಸಂಸ್ಥೆ ತಂತ್ರಾಂಶದ ಘಟಕಗಳ ಪಟ್ಟಿ ಸಿದ್ಧಪಡಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಘಟಕಗಳ ಪಟ್ಟಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಮುದ್ರಿಸಿದ ಪದಾರ್ಥಗಳ ವಿವರವಿದ್ದಂತೆ. ಏನೇನು ಹಾಕಿದ್ದಾರೆ ಎಂದು ಅದು ಹೇಳುತ್ತದೆ. ಅಡುಗೆಮನೆಯಲ್ಲಿ ಏನು ನಡೆಯಿತೆಂದು ಹೇಳುವುದಿಲ್ಲ. ದೂಷಿತ ಎಕ್ಸ್‌ಝಡ್ ಕೂಡ ಅಂಥ ಪಟ್ಟಿಯಲ್ಲಿ ಸರಿಯಾದ ಹೆಸರು, ಸರಿಯಾದ ಆವೃತ್ತಿ ಸಂಖ್ಯೆಯೊಂದಿಗೇ ಕಾಣಿಸಿಕೊಳ್ಳುತ್ತಿತ್ತು.

ಸೇವೆಯಲ್ಲಿದ್ದಾಗ ನಾನು ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಒಂದು ಕಚೇರಿಗೆ ತಂತ್ರಾಂಶ ಒದಗಿಸಿದ್ದ ಗುತ್ತಿಗೆದಾರರು ಅವಧಿ ಮುಗಿದ ಮೇಲೆ ಕರಾರಿನಂತೆ ಮೂಲಸಂಕೇತದ ಸಿ.ಡಿ.ಯನ್ನು ಒಪ್ಪಿಸಿ, ರಸೀದಿ ಪಡೆದು ಹೋದರು. ಕೆಲವು ತಿಂಗಳ ನಂತರ ನಿಯಮವೊಂದು ಬದಲಾದಾಗ ತಂತ್ರಾಂಶವನ್ನು ತಿದ್ದಬೇಕಾಯಿತು. ಸಿ.ಡಿ.ಯಲ್ಲಿ ಎಲ್ಲ ಕಡತಗಳೂ ಇದ್ದವು. ಆದರೆ ಯಾವ ಕಂಪೈಲರಿನ ಯಾವ ಆವೃತ್ತಿ, ಯಾವ ಹೆಚ್ಚುವರಿ ಘಟಕಗಳು, ಯಾವ ಕ್ರಮ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಹೊಸ ತಂಡ ವಾರಗಟ್ಟಲೆ ಹೆಣಗಿದರೂ ನಡೆಯುತ್ತಿದ್ದ ತಂತ್ರಾಂಶವನ್ನು ಮತ್ತೆ ಕಟ್ಟಲಾಗಲಿಲ್ಲ. ಕೊನೆಗೆ ಮೊದಲಿನಿಂದ ಬರೆಸಲಾಯಿತು. ಕಾಗದದ ಮೇಲೆ ಸರ್ಕಾರ ಆ ತಂತ್ರಾಂಶದ ಒಡೆಯ, ವಾಸ್ತವದಲ್ಲಿ ಬಾಡಿಗೆದಾರ.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಮೊದಲನೆಯದು, ರಾಜ್ಯ ಸರ್ಕಾರದ ಪ್ರತಿ ತಂತ್ರಾಂಶ ಟೆಂಡರಿನಲ್ಲಿ ಒಂದು ಷರತ್ತು ಇರಬೇಕು. ಗುತ್ತಿಗೆದಾರರು ಮೂಲಸಂಕೇತದೊಂದಿಗೆ ಬಿಲ್ಡ್ ಲಿಪಿಗಳನ್ನೂ ಒಪ್ಪಿಸಬೇಕು. ಸರ್ಕಾರದ್ದೇ ಆದ ಬರಿಯ ಯಂತ್ರವೊಂದರಲ್ಲಿ, ಗುತ್ತಿಗೆದಾರರ ಸಿಬ್ಬಂದಿಯ ನೆರವಿಲ್ಲದೆ ತಂತ್ರಾಂಶವನ್ನು ಕಟ್ಟಿ, ಬಳಕೆಯಲ್ಲಿರುವುದರೊಂದಿಗೆ ತಾಳೆ ನೋಡಬೇಕು. ಆ ನಂತರವೇ ಕೊನೆಯ ಕಂತು ಪಾವತಿಯಾಗಬೇಕು. ಸೇತುವೆಯ ಭಾರ ಪರೀಕ್ಷೆ ಮಾಡದೆ ಬಿಲ್ಲು ಪಾಸು ಮಾಡುವ ಎಂಜಿನಿಯರನ್ನು ನಾವು ಒಪ್ಪುವುದಿಲ್ಲ, ಇಲ್ಲೂ ಹಾಗೆಯೇ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು.

ಎರಡನೆಯದು, ಸರ್ಕಾರದ ತಂತ್ರಾಂಶ ವೆಚ್ಚದ ಒಂದು ಸಣ್ಣ ನಿಗದಿತ ಅಂಶ ಅದು ಅವಲಂಬಿಸಿರುವ ಮುಕ್ತ ಸಾಧನಗಳ ನಿರ್ವಹಣೆಗೆ ಮೀಸಲಾಗಬೇಕು. ಹಣವೊಂದೇ ಎಲ್ಲಕ್ಕೂ ಮದ್ದಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಅರ್ಜಿ, ವಿನಿಯೋಗ ಪತ್ರ, ತಪಾಸಣೆ ಎಂದು ನಿರ್ವಾಹಕರನ್ನು ಅಲೆದಾಡಿಸಿದರೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚಾದೀತು. ಆದುದರಿಂದ ಹಣದ ಬದಲು ಜನರ ಸಮಯವನ್ನು ಕೊಡುವ ದಾರಿಯೂ ಇರಬೇಕು. ಸರ್ಕಾರಿ ಯೋಜನೆಯಲ್ಲಿ ದುಡಿಯುವ ಎಂಜಿನಿಯರು ಮುಕ್ತ ಸಾಧನದಲ್ಲಿ ಕಂಡ ದೋಷವನ್ನು ತಿದ್ದಿ ಮೂಲ ಯೋಜನೆಗೇ ಒಪ್ಪಿಸಿದರೆ ಅದನ್ನು ಕರ್ತವ್ಯದ ಭಾಗವೆಂದೇ ಪರಿಗಣಿಸಬೇಕು.

ಮೂರನೆಯದು ಶಿಕ್ಷಣಕ್ಕೆ ಸಂಬಂಧಿಸಿದ್ದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಪ್ರತಿವರ್ಷ ‘ಪ್ರಾಜೆಕ್ಟ್’ ಹೆಸರಿನಲ್ಲಿ ಹೊಸದೇನನ್ನೋ ಕಟ್ಟಿ, ಅಂಕ ಪಡೆದು ಮರೆಯುತ್ತಾರೆ. ಅದರ ಬದಲು ಬಳಕೆಯಲ್ಲಿರುವ ಒಂದು ಮುಕ್ತ ತಂತ್ರಾಂಶವನ್ನು ತೆಗೆದುಕೊಂಡು ಬರಿಯ ಯಂತ್ರದಲ್ಲಿ ಕಟ್ಟುವುದು, ಎರಡು ಸಲ ಕಟ್ಟಿದಾಗ ಫಲ ಏಕೆ ಬೇರೆಯಾಯಿತು ಎಂದು ಪತ್ತೆ ಹಚ್ಚುವುದು, ಆ ದೋಷವನ್ನು ಮತ್ತೊಬ್ಬರು ನೋಡಿ ಖಚಿತಪಡಿಸಿಕೊಳ್ಳುವಂತೆ ಸ್ಪಷ್ಟವಾಗಿ ಬರೆಯುವುದು, ಸಾಧ್ಯವಾದರೆ ತಿದ್ದುವುದು ಇವೂ ಅಂಕಕ್ಕೆ ಅರ್ಹವಾಗಲಿ. ಹೊಸದನ್ನು ಕಟ್ಟುವ ಉತ್ಸಾಹದಷ್ಟೇ ಇದ್ದುದನ್ನು ಕಾಯುವ ಶಿಸ್ತೂ ವಿದ್ಯೆಯ ಭಾಗ. ಒಬ್ಬ ದಣಿದ ನಿರ್ವಾಹಕನಿಗೆ ಇಂಥ ಒಂದು ಸ್ಪಷ್ಟ ದೂರುಪತ್ರ ಹತ್ತು ಹೊಗಳಿಕೆಗಳಿಗಿಂತ ದೊಡ್ಡ ನೆರವು.

ಉದ್ಘಾಟನೆಗೆ ಕಲ್ಲು ನೆಡುವ, ನಿರ್ವಹಣೆಗೆ ಬೆನ್ನು ತಿರುಗಿಸುವ ಅಭ್ಯಾಸ ನಮ್ಮ ಸಾರ್ವಜನಿಕ ಬದುಕಿನ ಹಳೆಯ ರೋಗ. ರಸ್ತೆ, ಕೆರೆ, ಶಾಲೆಗಳಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ; ತಂತ್ರಾಂಶದಲ್ಲಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಂದಿನ ಸಂಚು ಅರ್ಧ ಸೆಕೆಂಡಿನ ವಿಳಂಬದಿಂದಲೂ ತನ್ನ ಸುಳಿವು ಕೊಡಬೇಕಾಗಿಲ್ಲ. ಸುಳಿವು ಸಿಗಲಿ, ಬಿಡಲಿ, ತಾನು ಹಣ ಕೊಟ್ಟು ಪಡೆದ ತಂತ್ರಾಂಶವನ್ನು ತನ್ನ ಕೈಯಾರೆ ಮತ್ತೆ ಕಟ್ಟಬಲ್ಲ ಶಕ್ತಿ ಸರ್ಕಾರಕ್ಕೆ ಇರಬೇಕು. ಆ ಪರೀಕ್ಷೆಯನ್ನು ಬರುವ ಆರ್ಥಿಕ ವರ್ಷದ ಮೊದಲ ಟೆಂಡರಿನಿಂದಲೇ ಆರಂಭಿಸಲು ಯಾವ ಅಡ್ಡಿಯೂ ಇಲ್ಲ.